ಲೀಸ್ ಕಾರನ್ನು ನಡುವೆಯೇ ಬಿಡಬೇಕಾದಾಗ

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ವಿಳಾಸ ಹೇಳುವವರು ಬೀದಿಯ ಹೆಸರಿಗಿಂತ ಮೊದಲು ಕಂಬದ ನಂಬರ್ ಹೇಳುತ್ತಾರೆ. 2009ರ ಅಕ್ಟೋಬರ್‌ನಲ್ಲಿ ಸಂಚಾರಕ್ಕೆ ತೆರೆದ ಪಿ.ವಿ. ನರಸಿಂಹ ರಾವ್ ಎಕ್ಸ್‌ಪ್ರೆಸ್‌ವೇ ಇಲ್ಲಿಂದ ಹೊರಟು ಆರಾಂಘರ್‌ವರೆಗೆ 11 ಕಿಲೋಮೀಟರಿಗೂ ಹೆಚ್ಚು ದೂರ ತಲೆಯ ಮೇಲೆ ಸಾಗುತ್ತದೆ. ಅದನ್ನು ಹೊತ್ತ ಕಂಬಗಳೇ ಅತ್ತಾಪುರದ ಮನೆ, ಅಂಗಡಿ, ಆಸ್ಪತ್ರೆಗಳಿಗೆಲ್ಲ ಗುರುತು. ಈ ಕಂಬಗಳ ಆಸುಪಾಸಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ನೆಲೆಸಿ, ಟೋಲಿಚೌಕಿಯ ದಟ್ಟಣೆ ದಾಟಿ ಗಚ್ಚಿಬೌಲಿ, ಹೈಟೆಕ್ ಸಿಟಿಯ ಕಚೇರಿಗಳಿಗೆ ಹೋಗಿ ಬರುವ ಕನ್ನಡಿಗರಿದ್ದಾರೆ. ಅವರಲ್ಲಿ ಕೆಲವರು ಓಡಿಸುವ ಕಾರು ಸ್ವಂತದ್ದಲ್ಲ, ಲೀಸ್‌ನದ್ದು.

ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ. ಅಷ್ಟರಲ್ಲಿ ಬೆಂಗಳೂರಿಗೆ ವರ್ಗವಾಗುತ್ತದೆ, ಬೇರೆ ಕಂಪನಿಯ ಆಫರ್ ಬರುತ್ತದೆ, ಪ್ರಾಜೆಕ್ಟ್ ಮುಗಿದು ಕೆಲಸಕ್ಕೇ ಕುತ್ತು ಬರುತ್ತದೆ, ಇಲ್ಲವೇ ಊರಲ್ಲಿ ವಯಸ್ಸಾದ ತಂದೆ-ತಾಯಿಯನ್ನು ನೋಡಿಕೊಳ್ಳಲು ಹೊರಡಬೇಕಾಗುತ್ತದೆ. ನಾಲ್ಕು ವರ್ಷದ ಕರಾರನ್ನು ಒಂದೂವರೆ ವರ್ಷಕ್ಕೇ ಮುಗಿಸಲು ಹೊರಟವರಿಗೆ ಲೀಸಿಂಗ್ ಕಂಪನಿ ಕಳಿಸುವ ಲೆಕ್ಕದ ಹಾಳೆ ನೋಡಿ ಎದೆ ಧಸಕ್ಕೆನ್ನುತ್ತದೆ. ಇಷ್ಟು ತಿಂಗಳು ಕಂತು ಕಟ್ಟಿದ್ದೇವೆ, ಕಾರನ್ನೂ ಹಿಂದಕ್ಕೆ ಕೊಡುತ್ತಿದ್ದೇವೆ, ಆದರೂ ಲಕ್ಷಗಟ್ಟಲೆ ಬಾಕಿ ಹೇಗೆ?

ಆ ಲೆಕ್ಕ ಅರ್ಥವಾದರೆ ಅದರಲ್ಲಿ ಯಾವುದು ನ್ಯಾಯ, ಯಾವುದು ಹೆಚ್ಚುವರಿ ಎಂಬುದು ಕಾಣತೊಡಗುತ್ತದೆ. ಅರ್ಥವಾಗುವ ಮೊದಲೇ ಸಹಿ ಹಾಕಿದರೆ ಕೊಡಬೇಕಾದ್ದಕ್ಕಿಂತ ಹೆಚ್ಚು ಕೊಟ್ಟು ಕೈತೊಳೆದುಕೊಳ್ಳಬೇಕಾಗಬಹುದು.

ಮನೆಯ ಲೀಸ್ ಬೇರೆ, ಕಾರಿನ ಲೀಸ್ ಬೇರೆ

ಕನ್ನಡಿಗರ ಕಿವಿಯಲ್ಲಿ ‘ಲೀಸ್’ ಎಂಬ ಪದಕ್ಕೆ ಒಂದು ಹಳೆಯ ಅರ್ಥವಿದೆ. ಬೆಂಗಳೂರಿನಲ್ಲಿ ಮನೆಯನ್ನು ಲೀಸಿಗೆ ಹಾಕಿಕೊಂಡರೆ ಒಂದು ದೊಡ್ಡ ಮೊತ್ತ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಕೊಟ್ಟ ಹಣವನ್ನು ಪೂರ್ತಿ ವಾಪಸ್ ಪಡೆಯುವುದು ವಾಡಿಕೆ. ಭೋಗ್ಯದ ಪದ್ಧತಿ ಅದು. ಆ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರಿನ ಲೀಸಿಗೆ ಸಹಿ ಹಾಕಿದವರು ಬಿಡುವಾಗ ಗೊಂದಲಕ್ಕೆ ಬೀಳುತ್ತಾರೆ. ಕಾರಿನ ಲೀಸಿನಲ್ಲಿ ತಿಂಗಳು ತಿಂಗಳು ಕೊಡುವುದು, ಕಾರು ಸವೆಯುವ ಬೆಲೆ ಮತ್ತು ಅದಕ್ಕೆ ಹೂಡಿದ ಹಣದ ಬಡ್ಡಿ. ವಾಪಸ್ ಬರುವಂಥದ್ದು ಅದರಲ್ಲಿ ಏನೂ ಇಲ್ಲ.

ಈ ವ್ಯವಹಾರ ನಮ್ಮಲ್ಲಿ ಬೇರೂರಿದ್ದು ಕಂಪನಿಗಳ ಮೂಲಕ. ಉದ್ಯೋಗದಾತ ಸಂಸ್ಥೆ ಲೀಸಿಂಗ್ ಕಂಪನಿಯಿಂದ ಕಾರು ಪಡೆದು ಉದ್ಯೋಗಿಗೆ ಕೊಡುತ್ತದೆ. ಬಾಡಿಗೆ ಸಂಬಳದ ಲೆಕ್ಕದಲ್ಲಿ ಹೋಗುತ್ತದೆ. ಉದ್ಯೋಗಿಯ ಆದಾಯಕ್ಕೆ ಸೇರುವುದು ಎಂಜಿನ್ 1.6 ಲೀಟರಿನ ಒಳಗೋ ಹೊರಗೋ ಎಂಬುದರ ಮೇಲೆ ನಿಗದಿಯಾದ ಸಣ್ಣ ಮೊತ್ತ ಮಾತ್ರ. ಬಹುತೇಕ ವಿನಾಯಿತಿಗಳು ಇಲ್ಲವಾದ ಹೊಸ ತೆರಿಗೆ ಪದ್ಧತಿಯಲ್ಲೂ ಈ ಅನುಕೂಲ ಉಳಿದಿದೆ. ಇನ್ನೊಂದು ಬಗೆ, ವ್ಯಕ್ತಿಗಳೇ ನೇರವಾಗಿ ಪಡೆಯುವ ಚಂದಾ ಯೋಜನೆ. ಮಾರುತಿ ಸುಜುಕಿ ಇಂಥ ಯೋಜನೆಯನ್ನು 2020ರಲ್ಲಿ ಬೆಂಗಳೂರು ಮತ್ತು ಗುರುಗ್ರಾಮದಲ್ಲಿ ಆರಂಭಿಸಿ, ಅದೇ ವರ್ಷ ಹೈದರಾಬಾದಿಗೂ ತಂದಿತು.

ಲೆಕ್ಕ ಹೇಗೆ ನಡೆಯುತ್ತದೆ

ಒಂದು ಉದಾಹರಣೆ ಹಾಕಿಕೊಳ್ಳೋಣ. ಷೋರೂಂ ಬೆಲೆ ₹10 ಲಕ್ಷ, ಜೀವಿತಾವಧಿ ತೆರಿಗೆ, ವಿಮೆ ಎಲ್ಲ ಸೇರಿ ರಸ್ತೆಗಿಳಿಯುವ ಹೊತ್ತಿಗೆ ₹12 ಲಕ್ಷ. ಲೀಸ್ 48 ತಿಂಗಳು. ಅವಧಿ ಮುಗಿದಾಗ ಕಾರಿಗೆ ಉಳಿಯುವ ಬೆಲೆ, ಅಂದರೆ ಕರಾರಿನ ಭಾಷೆಯಲ್ಲಿ ರೆಸಿಡ್ಯುಯಲ್ ವ್ಯಾಲ್ಯೂ, ₹4.8 ಲಕ್ಷ ಎಂದು ಮೊದಲೇ ಗೊತ್ತುಮಾಡಲಾಗಿದೆ. ಬಡ್ಡಿ ವರ್ಷಕ್ಕೆ ಶೇ 11. ಹಾಗಾದರೆ ಜಿಎಸ್‌ಟಿ ಬಿಟ್ಟು ತಿಂಗಳ ಕಂತು ಸುಮಾರು ₹23,000 ಆಗುತ್ತದೆ.

ಹದಿನೆಂಟು ತಿಂಗಳು ಕಟ್ಟಿದ್ದಾಯಿತು. ಕೈಬಿಟ್ಟ ಹಣ ₹4.14 ಲಕ್ಷ. ಆದರೆ ಲೀಸಿಂಗ್ ಕಂಪನಿಯ ಪುಸ್ತಕದಲ್ಲಿ ಬಾಕಿ ₹12 ಲಕ್ಷದಿಂದ ₹9.66 ಲಕ್ಷಕ್ಕೆ ಇಳಿದಿರುತ್ತದೆ, ಅಷ್ಟೇ. ಉಳಿದ ₹1.8 ಲಕ್ಷ ಬಡ್ಡಿಗೆ ಹೋಗಿದೆ. ಅದೇ ಹೊತ್ತಿಗೆ ಆ ಕಾರಿಗೆ ಮಾರುಕಟ್ಟೆಯಲ್ಲಿ ₹7.8 ಲಕ್ಷ ಹುಟ್ಟಿತು ಎಂದುಕೊಳ್ಳಿ. ನಡುವಿನ ಕಂದರ ₹1.86 ಲಕ್ಷ. ಯಾರು ಯಾವ ಹೆಸರಿಟ್ಟು ಕರೆದರೂ ಲೆಕ್ಕದ ಹಾಳೆಯ ದೊಡ್ಡ ಪಾಲು ಈ ಕಂದರವೇ.

ಕಂದರ ಹುಟ್ಟುವುದು ಏಕೆ? ಜೀವಿತಾವಧಿ ತೆರಿಗೆ, ವಿಮೆಗೆ ಹೋದ ₹2 ಲಕ್ಷ ಕಾರು ಷೋರೂಂ ಬಾಗಿಲು ದಾಟಿದ ದಿನವೇ ಕರಗಿರುತ್ತದೆ. ಮಾರುವಾಗ ಅದಕ್ಕೆ ಬೆಲೆ ಕಟ್ಟುವವರಿಲ್ಲ. ಕಾರಿನ ಬೆಲೆಯೂ ಮೊದಮೊದಲು ಬೇಗ ಬೀಳುತ್ತದೆ. ವಿಮಾ ಕಂಪನಿಗಳು ಅನುಸರಿಸಿಕೊಂಡು ಬಂದ ಸವಕಳಿಯ ಪಟ್ಟಿಯನ್ನೇ ನೋಡಿ: ಆರು ತಿಂಗಳಾಗುವವರೆಗೆ ಶೇ 5, ಒಂದು ವರ್ಷದವರೆಗೆ ಶೇ 15, ಎರಡು ವರ್ಷದವರೆಗೆ ಶೇ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಬೆಲೆ ಹೀಗೆ ಮೊದಲೇ ಜಾರುತ್ತಿದ್ದರೆ ಕಂತು ಮಾತ್ರ 48 ತಿಂಗಳೂ ಒಂದೇ ಸಮ. ಆದ್ದರಿಂದ ಆರಂಭದಲ್ಲಿ ಕಾರಿನ ಬೆಲೆಗಿಂತ ಬಾಕಿ ಮೇಲಿರುತ್ತದೆ, ಕೊನೆಕೊನೆಗೆ ಎರಡೂ ಹತ್ತಿರ ಬರುತ್ತವೆ. ಇದೇ ಉದಾಹರಣೆಯಲ್ಲಿ 30ನೇ ತಿಂಗಳಿಗೆ ಬಾಕಿ ₹7.87 ಲಕ್ಷ, 42ನೇ ತಿಂಗಳಿಗೆ ₹5.88 ಲಕ್ಷ.

ಯಾವ ತಿಂಗಳು ಬಿಡುತ್ತೀರಿ ಎಂಬುದು ಅಷ್ಟು ಮುಖ್ಯವಾಗುವುದು ಇದರಿಂದಲೇ.

ಮೊದಲ ಪ್ರಶ್ನೆ: ಸಹಿ ಯಾರದು?

ಕರಾರನ್ನು ತೆಗೆದು ಕೊನೆಯ ಪುಟ ನೋಡಿ. ಅಲ್ಲಿ ಸಹಿ ಮಾಡಿರುವುದು ನಿಮ್ಮ ಉದ್ಯೋಗದಾತರೇ, ನೀವೇ? ಪಕ್ಕದಲ್ಲೇ ಆರ್‌ಸಿ ಇಟ್ಟುಕೊಂಡು ಮಾಲೀಕರ ಹೆಸರು ನೋಡಿ. ಈ ಎರಡು ಕಾಗದಗಳು ಮುಂದಿನ ದಾರಿಯನ್ನೆಲ್ಲ ತೀರ್ಮಾನಿಸುತ್ತವೆ.

ಸಹಿ ಕಂಪನಿಯದ್ದಾದರೆ ಲೀಸಿಂಗ್ ಸಂಸ್ಥೆಯ ಜೊತೆ ನಿಮಗೆ ನೇರ ವ್ಯವಹಾರವಿಲ್ಲ. ಎಲ್ಲವೂ ಎಚ್‌ಆರ್ ಮೂಲಕ. ನಿಮ್ಮನ್ನು ಕಟ್ಟಿಹಾಕುವುದು ಕಂಪನಿಯ ಕಾರು ನೀತಿ ಮತ್ತು ನೀವು ಕೊಟ್ಟ ಒಪ್ಪಿಗೆ ಪತ್ರ. ಕೆಲಸ ಬಿಟ್ಟರೆ ಬಾಕಿಯನ್ನು ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್‌ನಲ್ಲಿ ಮುರಿದುಕೊಳ್ಳುವ ಅಧಿಕಾರವನ್ನು ಆ ಪತ್ರದಲ್ಲೇ ಕೊಟ್ಟಿರುವುದು ಸಾಮಾನ್ಯ. ಸಹಿ ನಿಮ್ಮದೇ ಆಗಿದ್ದರೆ ನೀವು ಗ್ರಾಹಕರು. ಮಾತುಕತೆಯೂ ನಿಮ್ಮದೇ, ದೂರಿನ ಹಕ್ಕೂ ನಿಮ್ಮದೇ.

ಆರ್‌ಸಿಯ ಮಾತು ಸ್ವಲ್ಪ ಬೇರೆ. ಕೆಲವು ಯೋಜನೆಗಳಲ್ಲಿ ಕಾರು ನಿಮ್ಮ ಹೆಸರಿನಲ್ಲೇ ನೋಂದಣಿಯಾಗಿ, ಹಣ ಹಾಕಿದವರ ಹೆಸರು ಅದರ ಮೇಲೆ ನಮೂದಾಗಿರುತ್ತದೆ. ಇನ್ನು ಕೆಲವಲ್ಲಿ ಮಾಲೀಕರು ಲೀಸಿಂಗ್ ಕಂಪನಿಯೇ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿದ್ದರೆ ಅದು ಸ್ವಯಂ ಚಾಲನೆಯ ಬಾಡಿಗೆ ಕಾರು. ಅದನ್ನು ಹಿಂದಿರುಗಿಸುವಾಗ ಆರ್‌ಟಿಒ ಕೆಲಸ ನಿಮಗೆ ಬರುವುದೇ ಇಲ್ಲ.

ಹೊರಬರುವ ಬಾಗಿಲುಗಳು

ಕಾರನ್ನು ಹಿಂದಿರುಗಿಸಿ ಶುಲ್ಕ ಕಟ್ಟುವುದು ಎಲ್ಲರಿಗೂ ಗೊತ್ತಿರುವ ದಾರಿ. ಕಷ್ಟ ಕಡಿಮೆ, ಖರ್ಚು ಹೆಚ್ಚು.

ಬಾಕಿ ತೀರಿಸಿ ಕಾರನ್ನು ಕೊಂಡು ಮಾರುವುದು ಎರಡನೆಯದು. ಮೇಲಿನ ಉದಾಹರಣೆಯಲ್ಲಿ ಹಿಂದಿರುಗಿಸುವ ಶುಲ್ಕ ₹2.5 ಲಕ್ಷ ಎಂದರೆ, ಕೊಂಡು ಮಾರಿದಾಗಿನ ನಷ್ಟ ₹1.86 ಲಕ್ಷ ಮತ್ತು ಕಾಗದಪತ್ರದ ಖರ್ಚು. ಮಾರುಕಟ್ಟೆಯಲ್ಲಿ ಬೇಡಿಕೆಯಿರುವ ಮಾದರಿಯಾದರೆ ಈ ಬಾಗಿಲೇ ಅಗ್ಗ. ಆದರೆ ಒಂದಿಷ್ಟು ದಿನ ಪೂರ್ತಿ ಹಣ ಕೈಯಿಂದ ಹೊಂದಿಸಬೇಕು. ಮಾರಾಟದ ಬೆಲೆಗೆ ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಹೆಚ್ಚಿನವರು ಕೇಳದೇ ಬಿಡುವ ಬಾಗಿಲು ಮೂರನೆಯದು, ವರ್ಗಾವಣೆ. ಹೊಸ ಉದ್ಯೋಗದಾತರಿಗೂ ಅದೇ ಲೀಸಿಂಗ್ ಕಂಪನಿಯ ಜೊತೆ ಒಪ್ಪಂದವಿದ್ದರೆ ಲೀಸನ್ನು ಅಲ್ಲಿಗೆ ಸಾಗಿಸಬಹುದು. ಈ ವ್ಯವಹಾರದಲ್ಲಿ ದೊಡ್ಡ ಕಂಪನಿಗಳು ಕೆಲವೇ, ಅವೂ ಒಂದಾಗುತ್ತಿವೆ. ಎಎಲ್‌ಡಿ ಮತ್ತು ಲೀಸ್‌ಪ್ಲಾನ್ 2023ರಲ್ಲಿ ಕೂಡಿ ಐವೆನ್ಸ್ ಆದವು. ಆದ್ದರಿಂದ ಎರಡೂ ಕಡೆ ಒಂದೇ ಲೀಸಿಂಗ್ ಕಂಪನಿ ಇರುವ ಸಾಧ್ಯತೆಯನ್ನು ತಳ್ಳಿಹಾಕಬೇಡಿ, ಆಫರ್ ಪತ್ರಕ್ಕೆ ಒಪ್ಪಿಗೆ ಕೊಡುವ ಮುನ್ನವೇ ಹೊಸ ಕಂಪನಿಯ ಎಚ್‌ಆರ್‌ನವರನ್ನು ಕೇಳಿ. ಅದಾಗದಿದ್ದರೆ ನೀವು ಬಿಡುತ್ತಿರುವ ಕಂಪನಿಯಲ್ಲೇ ಕಾರು ಬೇಕಾದ ಸಹೋದ್ಯೋಗಿ ಇರಬಹುದು. ಹೊಸ ಕಾರಿಗೆ ತಿಂಗಳುಗಟ್ಟಲೆ ಕಾಯುವ ಬದಲು ಉಳಿದ ಅವಧಿಯ ಲೀಸನ್ನು ವಹಿಸಿಕೊಳ್ಳುವುದು ಅವರಿಗೂ ಅನುಕೂಲ. ಮೂರು ಪಕ್ಷಗಳೂ ಲಿಖಿತವಾಗಿ ಒಪ್ಪಬೇಕು, ನಿಮ್ಮನ್ನು ಹೊಣೆಯಿಂದ ಬಿಡುಗಡೆ ಮಾಡಿದ್ದೇವೆ ಎಂಬ ಸಾಲು ಅದರಲ್ಲಿರಬೇಕು.

ಹೆಜ್ಜೆ ಹೆಜ್ಜೆಯಾಗಿ

1. ಕರಾರಿನಲ್ಲಿ ನಾಲ್ಕು ಸಂಗತಿ ಗುರುತು ಮಾಡಿಕೊಳ್ಳಿ: ಬಿಡಲೇಬಾರದ ಲಾಕ್-ಇನ್ ಅವಧಿ ಎಷ್ಟು, ಅವಧಿಗೆ ಮುನ್ನ ಬಿಟ್ಟರೆ ಶುಲ್ಕದ ಸೂತ್ರ ಯಾವುದು, ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು, ಹಿಂದಿರುಗಿಸುವಾಗ ಕಾರು ಯಾವ ಸ್ಥಿತಿಯಲ್ಲಿರಬೇಕು. ಸೂತ್ರಗಳು ಬೇರೆ ಬೇರೆ. ಒಂದರಲ್ಲಿ ಇಂತಿಷ್ಟು ತಿಂಗಳ ಬಾಡಿಗೆ, ಮತ್ತೊಂದರಲ್ಲಿ ಬಾಕಿಯ ಮೇಲೆ ಶೇಕಡಾವಾರು, ಇನ್ನೊಂದರಲ್ಲಿ ಬಾಕಿಗೂ ಮಾರಾಟದ ಬೆಲೆಗೂ ಇರುವ ವ್ಯತ್ಯಾಸ. ಉಳಿದ ಅಷ್ಟೂ ಬಾಡಿಗೆ ಕೊಡಬೇಕೆಂಬ ಸೂತ್ರವೂ ಇರುತ್ತದೆ. ಅದರ ಬಗ್ಗೆ ಮುಂದೆ ಹೇಳಿದೆ.

2. ಫೋರ್‌ಕ್ಲೋಷರ್ ಸ್ಟೇಟ್‌ಮೆಂಟನ್ನು, ಅಂದರೆ ಲೀಸನ್ನು ನಡುವೆಯೇ ಮುಗಿಸುವ ಲೆಕ್ಕದ ಹಾಳೆಯನ್ನು, ಇಮೇಲ್‌ನಲ್ಲಿ ಕೇಳಿ. ಬಾಯಿಮಾತಿನ ಮೊತ್ತಕ್ಕೆ ಬೆಲೆಯಿಲ್ಲ. ಉಳಿದ ಅಸಲು, ರೆಸಿಡ್ಯುಯಲ್ ಬೆಲೆ, ಶುಲ್ಕ, ಜಿಎಸ್‌ಟಿ, ನಿರ್ವಹಣೆ ಮತ್ತು ವಿಮೆಯ ಬಾಕಿ, ವಾಪಸ್ ಬರಬೇಕಾದ ಡಿಪಾಸಿಟ್ ಎಂದು ಬಿಡಿಬಿಡಿಯಾಗಿ ಬರೆದಿರಬೇಕು. ಒಂದೇ ಒಟ್ಟು ಮೊತ್ತ ಬಂದರೆ ಒಪ್ಪದೆ ಬಿಡಿಸಿ ಕಳಿಸಿ ಎನ್ನಿ.

3. ಎರಡು ಮೂರು ಬೇರೆ ತಾರೀಖುಗಳ ಲೆಕ್ಕ ಕೇಳಿ. ಈ ತಿಂಗಳು ಬಿಟ್ಟರೆ ಎಷ್ಟು, ಮೂರು ತಿಂಗಳು ಬಿಟ್ಟು ಬಿಟ್ಟರೆ ಎಷ್ಟು? ವರ್ಷ ತುಂಬಿದಂತೆ ಶುಲ್ಕ ಮೆಟ್ಟಿಲಿನಂತೆ ಇಳಿಯುವ ಕರಾರಾದರೆ ಕೆಲವೇ ವಾರ ಕಾದು ದೊಡ್ಡ ಮೊತ್ತ ಉಳಿಸಬಹುದು. ವಿಮೆ ನವೀಕರಣದ ದಿನ ಹತ್ತಿರವಿದ್ದರೆ ಅದಕ್ಕೆ ಮುಂಚೆಯೇ ಮುಗಿಸುವುದು ಲೇಸು.

4. ಕಾರಿನ ಮಾರುಕಟ್ಟೆ ಬೆಲೆಯನ್ನು ಕನಿಷ್ಠ ಮೂರು ಕಡೆ ವಿಚಾರಿಸಿ, ಸಾಧ್ಯವಾದರೆ ಲಿಖಿತವಾಗಿ ಪಡೆಯಿರಿ. ಮಾತುಕತೆಯಲ್ಲಿ ನಿಮ್ಮ ಕೈಯಲ್ಲಿರುವ ಬಲವಾದ ಕಾಗದ ಇದು. ಲೀಸಿಂಗ್ ಕಂಪನಿ ಕಾರಿನ ಬೆಲೆ ₹7 ಲಕ್ಷ ಎಂದು ಹಿಡಿದು ನಿಮ್ಮಿಂದ ವ್ಯತ್ಯಾಸ ಕೇಳುತ್ತಿರುವಾಗ ₹7.8 ಲಕ್ಷಕ್ಕೆ ಕೊಳ್ಳುವವರಿದ್ದಾರೆ ಎಂದು ತೋರಿಸಿದರೆ ₹80,000 ಅಲ್ಲೇ ಇಳಿಯಬೇಕು.

5. ಮೂರೂ ಬಾಗಿಲುಗಳ ಖರ್ಚನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಲೀಸನ್ನು ಮುಂದುವರಿಸುವುದರ ಖರ್ಚನ್ನೂ ನಾಲ್ಕನೆಯದಾಗಿ ಸೇರಿಸಿ. ಆರು ತಿಂಗಳಷ್ಟೇ ಉಳಿದಿದ್ದರೆ ಮುಂದುವರಿಸುವುದೇ ಲಾಭವೆಂದು ಹಾಳೆಯೇ ಹೇಳಬಹುದು.

6. ತೆರಿಗೆಯ ಸಾಲನ್ನು ಪ್ರತ್ಯೇಕವಾಗಿ ನೋಡಿ. ಕರಾರಿನ ಪ್ರಕಾರ ಕೊಡುವ ಈ ಶುಲ್ಕಕ್ಕೆ ದಂಡವೆಂದೇ ಹೆಸರಿದ್ದರೂ ಅದು ಲೀಸನ್ನು ಬೇಗ ಮುಗಿಸಿಕೊಟ್ಟ ಸೌಲಭ್ಯದ ಬೆಲೆ, ಆದ್ದರಿಂದ ಜಿಎಸ್‌ಟಿ ಅನ್ವಯಿಸುತ್ತದೆ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಹೇಳಿದೆ. ಮೂಲ ಸೇವೆಗೆ ಯಾವ ದರವೋ ಇದಕ್ಕೂ ಅದೇ. ಚಾಲಕನಿಲ್ಲದೆ ಬಾಡಿಗೆಗೆ ಕೊಟ್ಟ ಕಾರಿಗೆ ಆ ಕಾರಿನ ಮಾರಾಟದ ದರವೇ ಬರುವುದರಿಂದ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಶೇ 18, ದೊಡ್ಡ ಕಾರಿಗೆ ಶೇ 40, ವಿದ್ಯುತ್ ಕಾರಿಗೆ ಶೇ 5. ದೊಡ್ಡ ಕಾರಿಗೆ ₹1 ಲಕ್ಷ ಶುಲ್ಕವೆಂದರೆ ಕೈಬಿಡುವುದು ₹1.4 ಲಕ್ಷ. ಶುಲ್ಕವನ್ನು ₹10,000 ಇಳಿಸಿಕೊಂಡರೆ ಉಳಿಯುವುದೂ ₹14,000 ಎಂಬುದು ನೆನಪಿರಲಿ.

7. ಕಾರು ಒಪ್ಪಿಸುವ ವಾರಕ್ಕೆ ಮುನ್ನ ಹಗಲು ಬೆಳಕಿನಲ್ಲಿ ಸುತ್ತಲೂ ಫೋಟೊ, ವಿಡಿಯೊ ತೆಗೆದಿಡಿ. ಒಳಭಾಗ, ಡಿಕ್ಕಿ, ಸ್ಟೆಪ್ನಿ, ಓಡೊಮೀಟರ್ ಎಲ್ಲವೂ ಬರಲಿ. ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಕಾನೂನಿನ ಪ್ರಕಾರವೇ ಅದು ಸವೆದ ಟೈರು, ಅದರ ಹಣ ಕೇಳುತ್ತಾರೆ. ಚಿಕ್ಕ ತರಚು, ಬಂಪರ್ ಗಾಯಗಳನ್ನು ವಿಮೆ ಚಾಲ್ತಿಯಲ್ಲಿರುವಾಗಲೇ ಸರಿಪಡಿಸುವುದು ಅಗ್ಗವೋ, ಅವರ ತಪಾಸಣೆಯ ಬಿಲ್ಲು ಕಟ್ಟುವುದು ಅಗ್ಗವೋ ಎಂದು ಒಂದು ಗ್ಯಾರೇಜಿನಲ್ಲಿ ಕೇಳಿ ನೋಡಿ. ತಪಾಸಣೆ ನಡೆಯುವಾಗ ನೀವು ಸ್ಥಳದಲ್ಲಿರಲೇಬೇಕು.

8. ಬಾಕಿಯಿರುವ ಇ-ಚಲನ್ ಕಟ್ಟಿ ರಸೀದಿ ಇಟ್ಟುಕೊಳ್ಳಿ, ಫಾಸ್ಟ್ಯಾಗ್ ಮುಚ್ಚಿಸಿ. ಒಪ್ಪಿಸಿದ ದಿನ, ಗಂಟೆ, ಓಡೊಮೀಟರ್ ಸಂಖ್ಯೆ, ಕೊಟ್ಟ ಕೀಲಿಗಳ ಸಂಖ್ಯೆ ಬರೆದು ಎರಡೂ ಕಡೆಯವರು ಸಹಿ ಮಾಡಿದ ಕಾಗದ ಕೈಗೆ ಬಾರದೆ ಕೀಲಿ ಕೊಡಬೇಡಿ.

9. ಕೊನೆಯಲ್ಲಿ ‘ಯಾವುದೇ ಬಾಕಿಯಿಲ್ಲ’ ಎಂಬ ಪತ್ರ ಪಡೆಯಿರಿ. ಬ್ಯಾಂಕಿನ ಸ್ವಯಂಚಾಲಿತ ಕಂತು ಆದೇಶವನ್ನು ರದ್ದು ಮಾಡಿಸುವುದು ಈ ಪತ್ರ ಬಂದ ಮೇಲೆ.

ಮೆಹದಿಪಟ್ಟಣಂ ಆರ್‌ಟಿಒ ಮತ್ತು ಊರಿನ ದಾರಿ

ಹೈದರಾಬಾದಿನ ಪಶ್ಚಿಮ ವಲಯದ ಸಾರಿಗೆ ಕಚೇರಿ ಇರುವುದು ಮೆಹದಿಪಟ್ಟಣಂನಲ್ಲಿ. ಇಲ್ಲಿ ನೋಂದಣಿಯಾದ ಗಾಡಿಗಳ ಸಂಖ್ಯೆ 13ರಿಂದ ಗುರುತು ಸಿಗುತ್ತದೆ. 2024ರ ಮಾರ್ಚ್‌ವರೆಗೆ ಟಿಎಸ್ 13, ಆಮೇಲೆ ಟಿಜಿ 13.

ಕಾರು ನಿಮ್ಮ ಹೆಸರಿನಲ್ಲಿದ್ದು ಲೀಸ್ ನಮೂದಾಗಿದ್ದರೆ, ಕರಾರು ಮುಗಿದ ಮೇಲೆ ಆ ನಮೂದನ್ನು ತೆಗೆಸಬೇಕು. ಅದಕ್ಕಿರುವುದು ನಮೂನೆ 35. ನಿಮ್ಮ ಸಹಿಯೂ ಲೀಸಿಂಗ್ ಕಂಪನಿಯ ಸಹಿಯೂ ಅದರಲ್ಲಿ ಬೇಕು. ಕಾರು ಅವರ ಹೆಸರಿನಲ್ಲಿದ್ದು ನೀವು ಕೊಂಡರೆ ನಮೂನೆ 29 ಮತ್ತು 30ರಲ್ಲಿ ಮಾಲೀಕತ್ವ ಬದಲಾವಣೆ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಲೀಸಿಂಗ್ ಕಂಪನಿ ಗಳಿಸಿದ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಗಾಡಿಗೆ ಅಂಟಿಕೊಂಡದ್ದಲ್ಲ. ಹೊಸ ಪ್ರೀಮಿಯಂ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಕಾರನ್ನು ಉಳಿಸಿಕೊಂಡು ಬೀದರ್‌ಗೋ ಬೆಂಗಳೂರಿಗೋ ಒಯ್ಯುವವರಿಗೆ ಇನ್ನೊಂದು ಸುತ್ತಿದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ಗಾಡಿಗೆ ಆ ರಾಜ್ಯದ ನಂಬರ್ ಪಡೆಯಬೇಕೆಂಬುದು ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ನಿಯಮ. ಅಂದರೆ ಟಿಜಿ 13 ಹೋಗಿ ಬೀದರಿನ ಕೆಎ 38, ಕಲಬುರಗಿಯ ಕೆಎ 32, ರಾಯಚೂರಿನ ಕೆಎ 36 ಬರಬೇಕು. ಅದಕ್ಕೆ ಇಲ್ಲಿನ ಆರ್‌ಟಿಒದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಲ್ಲಿ ಕರ್ನಾಟಕದ ಜೀವಿತಾವಧಿ ತೆರಿಗೆ. ತೆಲಂಗಾಣದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗಕ್ಕೆ ಮರುಪಾವತಿಯ ಅರ್ಜಿ ಹಾಕಬೇಕಾದವರು ನೋಂದಾಯಿತ ಮಾಲೀಕರು. ಕಾರು ಲೀಸಿಂಗ್ ಕಂಪನಿಯ ಹೆಸರಲ್ಲಿದ್ದರೆ ಆ ಹಣ ಯಾರಿಗೆ ಸೇರಬೇಕೆಂದು ಮೊದಲೇ ಬರೆಸಿಕೊಳ್ಳಿ.

ಲೀಸ್ ಇನ್ನೂ ಚಾಲ್ತಿಯಲ್ಲಿದ್ದು ಕಾರು ನಿಮ್ಮ ಹೆಸರಲ್ಲಿದ್ದರೆ ರಾಜ್ಯ ಬದಲಾವಣೆಗೆ ಹಣ ಹಾಕಿದವರ ಒಪ್ಪಿಗೆ ಪತ್ರವೂ ಬೇಕು. ಇಲ್ಲಿ ಕಾಯ್ದೆ ನಿಮ್ಮ ಪರವಾಗಿದೆ. 51ನೇ ಕಲಮಿನ ಪ್ರಕಾರ ಅರ್ಜಿ ತಲುಪಿದ ಏಳು ದಿನದೊಳಗೆ ಅವರು ಪತ್ರ ಕೊಡಬೇಕು, ಇಲ್ಲವೇ ನಿರಾಕರಣೆಯ ಕಾರಣ ತಿಳಿಸಬೇಕು. ಎರಡೂ ಮಾಡದಿದ್ದರೆ ಪತ್ರ ಕೊಟ್ಟಂತೆಯೇ ಲೆಕ್ಕ. ಅರ್ಜಿಯನ್ನು ತಲುಪಿದ ದಿನಾಂಕಕ್ಕೆ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲೂ ಇಮೇಲ್‌ನಲ್ಲೂ ಕಳಿಸುವುದು ಇದಕ್ಕಾಗಿ.

ಶುಲ್ಕ ಅತಿಯಾಯಿತು ಎನಿಸಿದರೆ

ಸಹಿ ಹಾಕಿದ್ದೇವೆ, ಇನ್ನೇನು ಮಾಡಲಾದೀತು ಎಂದು ಕೈಚೆಲ್ಲುವವರೇ ಹೆಚ್ಚು. ಭಾರತೀಯ ಕರಾರು ಕಾಯ್ದೆ, 1872ರ 74ನೇ ಕಲಮು ಹೇಳುವುದು ಬೇರೆ: ಕರಾರು ಮುರಿದಾಗ ಕೊಡಬೇಕಾದ ಮೊತ್ತ ಎಷ್ಟೆಂದು ಅದರಲ್ಲೇ ಬರೆದಿದ್ದರೂ, ಎದುರು ಪಕ್ಷಕ್ಕೆ ಸಲ್ಲುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರ ಮಾತ್ರ. ಬರೆದ ಮೊತ್ತ ಗರಿಷ್ಠ ಮಿತಿ, ತಾನಾಗಿಯೇ ಸಿಗುವ ಹಕ್ಕಲ್ಲ. 1963ರ ಫತೇಚಂದ್ ಪ್ರಕರಣದಿಂದ 2015ರ ಕೈಲಾಶ್ ನಾಥ್ ಪ್ರಕರಣದವರೆಗೆ ಸುಪ್ರೀಂ ಕೋರ್ಟ್ ಇದನ್ನು ವಿವರಿಸುತ್ತ ಬಂದಿದೆ.

ಉಳಿದ ಅಷ್ಟೂ ಬಾಡಿಗೆ ಕೊಡಬೇಕೆಂಬ ಸೂತ್ರ ಪ್ರಶ್ನೆಗೆ ಈಡಾಗುವುದು ಇಲ್ಲಿ. ನಮ್ಮ ಉದಾಹರಣೆಯಲ್ಲಿ 30 ತಿಂಗಳ ಬಾಡಿಗೆ ₹6.9 ಲಕ್ಷ. ಅದನ್ನೂ ತೆಗೆದುಕೊಂಡು, ಕಾರನ್ನೂ ಹಿಂದೆ ಪಡೆದು, ಅದನ್ನು ₹7.8 ಲಕ್ಷಕ್ಕೆ ಮಾರಿದರೆ ಲೀಸಿಂಗ್ ಕಂಪನಿಯ ಕೈ ಸೇರುವುದು ₹14.7 ಲಕ್ಷ, ಅದಕ್ಕೆ ಬರಬೇಕಿದ್ದ ಬಾಕಿ ₹9.66 ಲಕ್ಷ. ಇದು ನಷ್ಟ ತುಂಬಿಕೊಳ್ಳುವ ಲೆಕ್ಕವಲ್ಲ. ಕಾರು ಮಾರಿದ ಬೆಲೆಯನ್ನು ನಮ್ಮ ಲೆಕ್ಕಕ್ಕೆ ಜಮಾ ಮಾಡಿ, ವ್ಯತ್ಯಾಸ ಮಾತ್ರ ಕೇಳಿ ಎಂದು ಪತ್ರ ಬರೆಯಲು ಗ್ರಾಹಕ ಅಂಜಬೇಕಾಗಿಲ್ಲ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ‘ಅನ್ಯಾಯದ ಕರಾರು’ ಎಂಬ ಕಲ್ಪನೆಯನ್ನೇ ತಂದಿದೆ. ಆದ ನಷ್ಟಕ್ಕೆ ತೀರ ಹೊಂದದಷ್ಟು ದಂಡ ಹೇರುವ ಷರತ್ತು ಅದರ ವ್ಯಾಪ್ತಿಗೆ ಬರುತ್ತದೆ. ಇಂಥ ದೂರು ಹೋಗಬೇಕಾದ್ದು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದೆ ಎಂಬ ಕಾರಣಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಮಾರ್ ಪ್ರಕರಣದಲ್ಲಿ ಹೇಳಿದೆ. ದೂರಿಗೆ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಮೂಲಕ ಕಂಪನಿಯ ಉತ್ತರ ಕೇಳಬಹುದು, ಖರ್ಚಿಲ್ಲ. ಕರಾರಿಗೆ ಸಹಿ ಮಾಡಿದವರು ಉದ್ಯೋಗದಾತರಾಗಿದ್ದರೆ ನೀವು ಗ್ರಾಹಕರೇ ಎಂಬ ತಕರಾರು ಏಳುತ್ತದೆ, ಆಗ ವಕೀಲರ ಸಲಹೆ ಪಡೆದೇ ಮುಂದುವರಿಯಿರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಕಂತು ನಿಲ್ಲಿಸಿಬಿಡುವುದು.* ಅವರೇ ಬಂದು ಕಾರು ಒಯ್ಯಲಿ ಎಂಬ ಹಟ ದುಬಾರಿಯಾಗುತ್ತದೆ. ಆಗ ಕರಾರು ಮುರಿದವರು ನೀವಾಗುತ್ತೀರಿ, ತಡಬಡ್ಡಿ ಬೆಳೆಯುತ್ತದೆ, ಮಾತುಕತೆಯ ಬಲ ಹೋಗುತ್ತದೆ. ಗೂಂಡಾಗಳನ್ನು ಕಳಿಸಿ ಗಾಡಿ ಎಳೆದೊಯ್ಯುವುದನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಖಂಡಿಸಿದೆ, ನಿಜ. ಅದು ನಿಮ್ಮ ಬಾಕಿಯನ್ನು ಅಳಿಸುವುದಿಲ್ಲ.

*ಸ್ನೇಹಿತರಿಗೆ ಕಾರು ಕೊಟ್ಟು ಕಂತು ಕಟ್ಟಿಸುವುದು.* ಬಾಯಿಮಾತಿನ ಈ ಏರ್ಪಾಟು ಎಲ್ಲಕ್ಕಿಂತ ಅಪಾಯದ್ದು. ಲೀಸ್ ಕರಾರಿನಡಿ ಗಾಡಿ ಯಾರ ಸ್ವಾಧೀನದಲ್ಲಿದೆಯೋ ಅವರೇ ಮಾಲೀಕರೆಂದು ಮೋಟಾರು ವಾಹನ ಕಾಯ್ದೆ ವ್ಯಾಖ್ಯಾನಿಸುತ್ತದೆ. ಆ ಕರಾರಿನಲ್ಲಿರುವುದು ನಿಮ್ಮ ಹೆಸರು, ಸ್ನೇಹಿತರದ್ದಲ್ಲ. ಅಪಘಾತವಾಗಿ ಯಾರಿಗಾದರೂ ಪ್ರಾಣಾಪಾಯವಾದರೆ ಪರಿಹಾರದ ನೋಟಿಸು ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ಇನ್ನು ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದರೆ ವಿಮೆಯ ರಕ್ಷಣೆಯೇ ಕೈಕೊಡುತ್ತದೆ. ಗಾಡಿ ಮಾರಿದರೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಹಳೆಯ ಮಾಲೀಕರೇ ಹೊಣೆ ಎಂದು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

*ಇದನ್ನು ಸಾಲವೆಂದು ತಿಳಿಯುವುದು.* ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆಯಲ್ಲ ಎಂದು ವಾದಿಸುವವರಿದ್ದಾರೆ. 2025ರ ಜುಲೈನಲ್ಲಿ ಬಂದ ಆ ನಿರ್ದೇಶನ, ವ್ಯಕ್ತಿಗಳು ವ್ಯಾಪಾರೇತರ ಉದ್ದೇಶಕ್ಕೆ ಪಡೆದ ಬದಲಾಗುವ ಬಡ್ಡಿ ದರದ ಸಾಲಗಳಿಗೆ ಸಂಬಂಧಿಸಿದ್ದು, 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಿಗೆ. ಕಾರನ್ನು ಬಾಡಿಗೆಗೆ ಪಡೆಯುವ ಲೀಸ್ ಸಾಲವಲ್ಲ, ಆ ಆಸರೆ ಇಲ್ಲಿಲ್ಲ.

*ರಾಜೀನಾಮೆ ಕೊಟ್ಟ ಮೇಲೆ ವಿಚಾರಿಸುವುದು.* ನೋಟಿಸ್ ಅವಧಿಯ ಗಡಿಬಿಡಿಯಲ್ಲಿ ಹೋಲಿಸಿ ನೋಡಲು ವ್ಯವಧಾನ ಇರುವುದಿಲ್ಲ. ಎಚ್‌ಆರ್ ಕೊಟ್ಟ ಮೊತ್ತಕ್ಕೆ ಒಪ್ಪಿ ಕೊನೆಯ ಸಂಬಳದಿಂದ ಮುರಿಸಿಕೊಂಡು ಹೊರಡಬೇಕಾಗುತ್ತದೆ. ಲೀಸ್ ನಿಂತ ತಿಂಗಳಿಂದ ಸಂಬಳದ ಮೇಲಿನ ತೆರಿಗೆಯೂ ಏರುತ್ತದೆ. ಅದನ್ನೂ ಖರ್ಚು ಹೋಲಿಸುವ ಹಾಳೆಯಲ್ಲಿ ಬರೆಯಬೇಕಿತ್ತು ಎಂಬುದು ಆಮೇಲೆ ಹೊಳೆಯುತ್ತದೆ.

*ಕಾರು ಕಳುವಾದರೆ ಎಲ್ಲ ಮುಗಿಯಿತು ಎಂದುಕೊಳ್ಳುವುದು.* ಕಳವು ಅಥವಾ ಪೂರ್ತಿ ಹಾನಿಯಾದಾಗಲೂ ಲೀಸ್ ನಡುವೆಯೇ ಮುಗಿಯುತ್ತದೆ. ನಮ್ಮ ಉದಾಹರಣೆಯ ಕಾರಿಗೆ 18ನೇ ತಿಂಗಳಲ್ಲಿ ವಿಮೆ ಹಿಡಿಯುವ ಬೆಲೆ ₹8 ಲಕ್ಷದ ಆಸುಪಾಸು, ಬಾಕಿ ₹9.66 ಲಕ್ಷ. ಬಿಲ್ಲಿನ ಪೂರ್ತಿ ಬೆಲೆ ಕೊಡುವ ‘ರಿಟರ್ನ್ ಟು ಇನ್‌ವಾಯ್ಸ್’ ರಕ್ಷಣೆ ನಿಮ್ಮ ಕಾರಿನ ಪಾಲಿಸಿಯಲ್ಲಿದೆಯೇ ಎಂದು ಇಂದೇ ತೆಗೆದು ನೋಡಬಹುದು.

ಕೆಲಸವೆಲ್ಲ ಮುಗಿದು ‘ಬಾಕಿಯಿಲ್ಲ’ ಪತ್ರ ಕೈಸೇರಿದ ಒಂದು ತಿಂಗಳ ಮೇಲೆ ಮತ್ತೊಮ್ಮೆ ಎರಡು ಕಡೆ ಕಣ್ಣಾಡಿಸಿ. ಆರ್‌ಸಿಯಲ್ಲಿ ಹೆಸರು ಅಥವಾ ಲೀಸಿನ ನಮೂದು ಬದಲಾಗಿದೆಯೇ ಎಂದು ಆನ್‌ಲೈನ್‌ನಲ್ಲಿ ನೋಡಿ. ಲೀಸ್ ನಿಮ್ಮದೇ ಹೆಸರಿನಲ್ಲಿದ್ದರೆ ಸಾಲದ ಇತಿಹಾಸದ ವರದಿಯಲ್ಲಿ ಬಾಕಿ ಉಳಿದಂತೆ ತೋರಿಸುತ್ತಿದೆಯೇ ಎಂದು ನೋಡಿ. ತಪ್ಪು ಕಂಡರೆ ಆಗಲೇ ಲಿಖಿತವಾಗಿ ದೂರು ಕೊಡಿ. ಗ್ರಾಹಕ ಆಯೋಗಕ್ಕೆ ಹೋಗಲು ಕಾಯ್ದೆ ಕೊಟ್ಟಿರುವ ಅವಧಿ, ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ.